ನೋಡಲು ಹೋದವರ ದಾರಿ

ನಮ್ಮೂರಿನ ಕೆರೆ ಏರಿಯ ಮೇಲೆ ಎದುರಾದವರನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಬಾರದು. ಕೇಳಿದರೆ ಬೈಗುಳ ತಿನ್ನಬೇಕಾಗುತ್ತದೆ. ಮನೆಗಳೆಲ್ಲ ಏರಿಯ ಈ ತುದಿಯ ಕೇರಿಯಲ್ಲಿವೆ. ಅಂಗಡಿ, ಕಾರ್ಖಾನೆ, ಕಚೇರಿಗಳೆಲ್ಲ ಆ ತುದಿಯ ಪೇಟೆಯಲ್ಲಿವೆ. ನಡುವೆ ಇರುವುದು ಇದೊಂದೇ ದಾರಿ. ಸುಮ್ಮನೆ ಕಾಲು ಹಾಕಿದವರಿಗೆ ಅದು ಬಾಯಲ್ಲಿನ ಎಲೆಅಡಿಕೆ ಮುಗಿಯುವಷ್ಟರಲ್ಲಿ ಮುಗಿಯುತ್ತದೆ. ಮುಟ್ಟಲೇಬೇಕು ಎಂದು ಹೊರಟವರ ಕಾಲ ಕೆಳಗೆ ಬೆಳೆಯುತ್ತಾ ಹೋಗುತ್ತದೆ. ಪೇಟೆಯ ಅಕ್ಕಿ ಗಿರಣಿಯ ಹೊಗೆ ಕೊಳವೆ ಕಣ್ಣೆದುರಿಗೇ ಕಾಣುತ್ತಿರುತ್ತದೆ. ಎಷ್ಟು ನಡೆದರೂ ಹತ್ತಿರ ಬರುವುದಿಲ್ಲ. ಒಂದೇ ಹೊತ್ತಿಗೆ, ಒಂದೇ ಹೆಜ್ಜೆಯಲ್ಲಿ ಹೊರಟ ಇಬ್ಬರಲ್ಲಿ ಒಬ್ಬ ಆ ತುದಿ ಸೇರಿ ಚಹ ಕುಡಿದು ಮುಗಿಸಿರುತ್ತಾನೆ, ಇನ್ನೊಬ್ಬ ಇನ್ನೂ ತೂಬಿನ ಹತ್ತಿರ ಬೆವರು ಒರೆಸಿಕೊಳ್ಳುತ್ತಿರುತ್ತಾನೆ.

ಹಾಗಾಗಿ ನಮ್ಮವರು ಬೆಳಿಗ್ಗೆ ಎದ್ದು ದಾರಿಗೆ ಸುಳ್ಳು ಹೇಳುತ್ತಾ ಕೆಲಸಕ್ಕೆ ಹೋಗುತ್ತಾರೆ. ಖಜಾನೆಯ ಗುಮಾಸ್ತರು ಹೆಗಲ ಮೇಲೆ ಮೀನಿನ ಗಾಳ ಇಟ್ಟುಕೊಂಡು ಬರುತ್ತಾರೆ. ಅವರು ಶುದ್ಧ ಸಸ್ಯಾಹಾರಿ. ಶಾಲೆಯ ಮೇಷ್ಟರು ಹತ್ತು ಹೆಜ್ಜೆಗೊಮ್ಮೆ ನಿಂತು ಬಾತುಕೋಳಿಗಳನ್ನು ನೋಡಿ ಆಹಾ ಅನ್ನುತ್ತಾರೆ. ಹೆಂಗಸರು ಊಟದ ಡಬ್ಬಿಯನ್ನು ಹೂವಿನ ಬುಟ್ಟಿಯ ತಳದಲ್ಲಿ ಮುಚ್ಚಿಡುತ್ತಾರೆ. ಕೈಗಡಿಯಾರ ಕಟ್ಟುವುದು ಮನೆಯಲ್ಲಿ ಕೂತಾಗ ಮಾತ್ರ. ಯಾರಾದರೂ ಎದುರಾದರೆ "ಹಿಂಗೇ, ಸುಮ್ನೆ" ಎನ್ನಬೇಕು, ಅವರೂ "ನಾವೂ ಸುಮ್ನೆ" ಎನ್ನಬೇಕು, ಇಬ್ಬರೂ ನಂಬಿದಂತೆ ತಲೆ ಆಡಿಸಬೇಕು.

ಇದರಿಂದ ಒಂದು ಕೆಡುಕೂ ಆಯಿತು. ದಾರಿಗೆ ಹೇಳಿದ ಸುಳ್ಳು ದಾರಿಯಲ್ಲೇ ಉಳಿಯಲಿಲ್ಲ. ತಡವಾದವರೆಲ್ಲ ತಪ್ಪನ್ನು ಏರಿಯ ಮೇಲೆ ಹೊರಿಸಿದರು. ಗಂಡ ಕತ್ತಲಾದ ಮೇಲೆ ಬಂದು ದಾರಿ ಬಿಡಲಿಲ್ಲ ಎಂದರೆ ಹೆಂಡತಿ ಅವನ ಅಂಗಿ ಮೂಸಿ ನೋಡಿದಳು. ಯಾರ ಮಾತನ್ನೂ ಯಾರೂ ಪೂರ್ತಿ ನಂಬದ ಊರು ನಮ್ಮದು.

ನನಗೆ ಮಾತ್ರ ಏರಿ ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ನನ್ನ ಹೆಸರು ತಿಪ್ಪಮ್ಮ, ಎಲ್ಲರ ಬಾಯಲ್ಲೂ ತಿಪ್ಪಕ್ಕ. ಪೇಟೆಯಲ್ಲಿ ಪಂಪಣ್ಣ ಸಾಹುಕಾರರ ಬಾಸಿಂಗದ ಕಾರ್ಖಾನೆ ಇದೆ. ಮದುವೆಯಲ್ಲಿ ಹೆಣ್ಣುಗಂಡಿನ ಹಣೆಗೆ ಕಟ್ಟುವ ಬಾಸಿಂಗ ಸುತ್ತಮುತ್ತಲ ಊರಿಗೆಲ್ಲ ಅಲ್ಲಿಂದಲೇ ಹೋಗುವುದು. ನಾನು ಅಲ್ಲಿ ಹೆಂಗಸರ ಮೇಲಿನ ಉಸ್ತುವಾರಿ. ದಿನಾ ಎಲ್ಲರಿಗಿಂತ ಮೊದಲು ಬರುತ್ತೇನೆಂದು ಸಾಹುಕಾರರು ನನ್ನನ್ನು ಆ ಜಾಗಕ್ಕೆ ಏರಿಸಿದರು. ನಿಜ ಏನೆಂದರೆ, ಬೆಳಿಗ್ಗೆ ಕೆಲಸಕ್ಕೆ ಮುಟ್ಟಬೇಕೆಂಬ ಆಸೆ ನನಗೆ ಸ್ವಲ್ಪವೂ ಇರಲಿಲ್ಲ, ಅದಕ್ಕೇ ಬೇಗ ಮುಟ್ಟುತ್ತಿದ್ದೆ. ಸಂಜೆ ಮನೆಯಲ್ಲಿ ಕಾಯುವವರೂ ಇರಲಿಲ್ಲ, ಹಾಗಾಗಿ ಮನೆಗೂ ಬೇಗ ಸೇರುತ್ತಿದ್ದೆ.

ಪಂಪಣ್ಣ ಸಾಹುಕಾರರು ಕೆಟ್ಟವರಲ್ಲ. ಆದರೆ ಅನುಮಾನ ಅವರಿಗೆ ಅಂಟಿದ ಕಜ್ಜಿಯ ಹಾಗೆ, ಕೆರೆಯದೆ ಇರಲಾರರು. ಸಂಜೆ ಮನೆಗೆ ಹೊರಡುವಾಗ ಪ್ರತಿಯೊಬ್ಬ ಹೆಂಗಸೂ ಬಾಗಿಲಲ್ಲಿ ನಿಂತು ಸೆರಗು ಕೊಡವಬೇಕು, ಒಂದು ಮಣಿ ಉದುರಿದರೂ ವಿಚಾರಣೆ. ಅವರ ವಾಸ ಕಾರ್ಖಾನೆಯ ಮೇಲಿನ ಮಾಳಿಗೆಯಲ್ಲೇ. ಬೆಳಿಗ್ಗೆ ಮೆಟ್ಟಿಲಿಳಿದರೆ ಕೆಲಸ, ಮಧ್ಯಾಹ್ನ ಮೆಟ್ಟಿಲು ಹತ್ತಿದರೆ ಊಟ, ನಿದ್ದೆ. ಏರಿಯ ಮೇಲೆ ಅವರು ಕಾಲಿಟ್ಟಿದ್ದನ್ನು ನಾನು ನೋಡಿರಲಿಲ್ಲ.

ಕಾರ್ಖಾನೆಯಲ್ಲಿ ಜೋಡಿ ನವಿಲಿನ ಬಾಸಿಂಗ ಮಾಡಲು ಬರುತ್ತಿದ್ದುದು ಕರಿಬಸಮ್ಮ ಒಬ್ಬಳಿಗೇ. ಕೆರೆಯಲ್ಲಿ ಬೆಳೆಯುವ ಹಗುರವಾದ ಬೆಂಡನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸೀಳಿ, ಅದನ್ನು ಬಾಗಿಸಿ ನವಿಲಿನ ಕತ್ತು ಮಾಡಿ, ಮೇಲೆ ಜರಿ ಕಾಗದ ಅಂಟಿಸಿ ಮಣಿ ಕೂರಿಸಿದರೆ ಈಗ ಕೂಗುತ್ತದೆಯೋ ಅನ್ನಬೇಕು, ಹಾಗೆ. ಹುಡುಗಿಗೆ ಮಾತು ಕಡಿಮೆ. ಗಂಡ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಅತ್ತೆ ಇದ್ದಾಳೆ. ಕರಿಬಸಮ್ಮನಿಗೆ ಹೆರಿಗೆಯಾಗಿ, ಬಾಣಂತನ ಮುಗಿಸಿ ಅವಳು ಕೆಲಸಕ್ಕೆ ಬರತೊಡಗಿದ ಮೇಲೆ ಕಷ್ಟ ಶುರುವಾಯಿತು. ಬೆಳಿಗ್ಗೆ ಎಲ್ಲರೂ ಒಂದು ಸುತ್ತು ಕೆಲಸ ಮುಗಿಸಿದ ಮೇಲೆ ಬರುತ್ತಿದ್ದಳು. ಬಂದವಳು ಬೆಂಡು ಹಿಡಿದು ಕಿಟಕಿ ನೋಡುತ್ತಿದ್ದಳು. ಸಾಹುಕಾರರ ಹೆಂಡತಿಯ ತಮ್ಮ ಕೊಟ್ರೇಶಿ ಎಂಬವನೊಬ್ಬ ಅಲ್ಲೇ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. "ಬಂದ್ಲಪ್ಪ ಮಹಾರಾಣಿ, ಮೇನೆ ತಡ ಆಯ್ತೇನೋ" ಎನ್ನುತ್ತಿದ್ದ. ಅವಳು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ನನಗೂ ಅನುಮಾನವಿತ್ತು. ಎಲ್ಲರೂ ಏರಿಯ ಹೆಸರು ಹೇಳುವವರೇ. ಇವಳು ಮನೆಯಲ್ಲಿ ಇನ್ನೊಂದು ನಿದ್ದೆ ತೆಗೆದು ಬರುತ್ತಾಳೆಂದೇ ನಾನು ಅಂದುಕೊಂಡಿದ್ದೆ.

ಒಂದು ಸಂಜೆ ಕಾಲು ನೋವೆಂದು ನಾನು ಬಸ್ಸು ಹತ್ತಿದೆ. ನಮ್ಮೂರ ಬಸ್ಸಿಗೆ ಬೋರ್ಡಿಲ್ಲ. ಹಿಂದೆ ಊರಿನ ಹೆಸರು ಬರೆದ ಬೋರ್ಡು ಹಾಕಿ ಓಡಿಸಿದಾಗ ಬೆಳಿಗ್ಗೆ ಹೊರಟ ಬಸ್ಸು ದೀಪ ಹಚ್ಚುವ ಹೊತ್ತಿಗೆ ಬಂತಂತೆ. ಈಗ ಡ್ರೈವರು ಜಾಲಿಯಾಗಿ ಹೊರಟವನಂತೆ ಶಿಳ್ಳೆ ಹಾಕುತ್ತಾ ಓಡಿಸುತ್ತಾನೆ, ಕಂಡಕ್ಟರು ಯಾರಿಗೂ ಎಲ್ಲಿಗೆ ಎಂದು ಕೇಳದೆ ಟಿಕೆಟ್ ಹರಿಯುತ್ತಾನೆ. ಬಸ್ಸಿನಲ್ಲಿರುವ ತೊಂದರೆ ಒಂದೇ. ಒಳಗೆ ಒಬ್ಬರಿಗೆ ಅವಸರವಿದ್ದರೂ ಸಾಕು, ಎಲ್ಲರಿಗೂ ದಾರಿ ಬೆಳೆಯುತ್ತದೆ. ಅವತ್ತು ತೂಬು ದಾಟಿ ಎಷ್ಟು ಹೊತ್ತಾದರೂ ಕೇರಿಯ ಬೇವಿನ ಮರ ಅಲ್ಲೇ ನಿಂತಿತ್ತು. ಡ್ರೈವರಿನ ಶಿಳ್ಳೆ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನೋಡಿಸಿಕೊಂಡವರು ಆಕಳಿಸಿದರು, ತೂಕಡಿಸುವವರಂತೆ ತಲೆ ವಾಲಿಸಿದರು.

"ಯಾರೋ ಒಬ್ರು ಅರ್ಜೆಂಟು ಇಟ್ಕೊಂಡು ಕೂತದಾರೆ. ಯಾರಂತ ನಾನು ಹೇಳಲ್ಲ. ಅವ್ರೇ ಇಳಿದ್ರೆ ಮರ್ವಾದೆ" ಎಂದ ಕಂಡಕ್ಟರು.

"ಆ ಮೂಲೇಲಿ ಅದಾಳಲ್ಲ, ಅವ್ಳು ಆಗಿನಿಂದ ಸೀಟಿನ ಕಂಬಿ ಬಿಟ್ಟಿಲ್ಲ, ನೋಡ್ರಿ" ಎಂದಳು ಒಬ್ಬ ಹೆಂಗಸು.

"ನಂದಲ್ಲ, ನಾನು ಸುಮ್ನೆ ಕೂತಿದೀನಿ" ಎಂದ ಧ್ವನಿ ಕರಿಬಸಮ್ಮನದು. ಆ ಸುಳ್ಳನ್ನು ಕುರುಡನೂ ಹಿಡಿಯಬಹುದಾಗಿತ್ತು. ಅವಳ ಕುಪ್ಪಸದ ಎದೆಯ ಭಾಗ ನೆನೆದು ಸೆರಗಿನ ಹೊರಗೂ ಕಲೆ ಹರಡಿತ್ತು. ಗಂಡಸರು ಕೆರೆಯ ಕಡೆ ಮುಖ ಮಾಡಿದರು. ಕಂಡಕ್ಟರು ಸೀಟಿ ಊದಿದ. ಅವಳು ಇಳಿದಳು. ನಾನೂ ಇಳಿದೆ. ನಾವು ಇಳಿದು ಧೂಳು ಅಡಗುವ ಮುಂಚೆಯೇ ಬಸ್ಸು ಕೇರಿ ಸೇರಿ ಹಾರನ್ ಹೊಡೆದದ್ದು ಕೇಳಿಸಿತು.

ಇಬ್ಬರೂ ಜೊತೆಗೆ ನಡೆದೆವು. ಅವಳು ನನಗಿಂತ ಬಿರುಸಾಗಿ ಕಾಲು ಹಾಕುತ್ತಿದ್ದಳು, ಆದರೂ ಹಿಂದೆ ಬೀಳುತ್ತಿದ್ದಳು. ನಾನು ನಿಂತು ನಿಂತು ಅವಳನ್ನು ಕೂಡಿಕೊಳ್ಳಬೇಕಾಯಿತು.

"ಯಾಕೆ ಹಿಂಗೆ ಓಡ್ತೀಯ? ಕೆರೆ ನೋಡು, ಕೊಕ್ಕರೆ ನೋಡು. ಮಗು ಮರ್ತುಬಿಡು ಒಂದು ಗಳಿಗೆ" ಎಂದೆ.

"ನಾನು ಮರೀತೀನಕ್ಕ. ಎದೆ ಮರೆಯಲ್ಲ. ತುಂಬ್ಕೊಂಡು ಬಂದೈತೆ. ಅದಕ್ಕೆ ಸುಮ್ನಿರು ಅಂತ ಹೆಂಗೆ ಹೇಳ್ಲಿ?" ಎಂದಳು. ಸೆರಗನ್ನು ಎದೆಗೆ ಒತ್ತಿಕೊಂಡು ಮತ್ತೆ ಹೇಳಿದಳು. "ಬೆಳಿಗ್ಗೆ ಅದು ಅಳ್ತಿದ್ದಂಗೇ ಬಿಟ್ಟು ಓಡ್ತೀನಿ, ಕೆಲ್ಸ ಹೋದಾತು ಅಂತ. ಸಂಜೆ ಮುಟ್ಟೋ ಹೊತ್ತಿಗೆ ಅತ್ತು ಅತ್ತು ಮಲಗಿರ್ತೈತೆ. ಎಬ್ಬಿಸಿ ಎದೆಗೆ ಹಾಕ್ಕೊಂಡ್ರೆ ಮುಖ ತಿರುಗಿಸ್ತೈತೆ ಅಕ್ಕ. ಎರಡು ದಿನದಿಂದ ಬಾಯಿ ಹಾಕಿಲ್ಲ. ಅತ್ತೆ ಬಟ್ಲು ಹಾಲಿಗೆ ಒಗ್ಗಿಸ್ತಾ ಅದಾಳೆ. ಇನ್ನು ಒಂದು ವಾರ ಹಿಂಗೇ ಆದ್ರೆ ನನ್ನ ಹಾಲು ಬತ್ತೋಗ್ತೈತೆ, ಅದು ನನ್ನ ಮರ್ತೋಗ್ತೈತೆ."

ನಾನು ಮಕ್ಕಳನ್ನು ಹೆತ್ತವಳಲ್ಲ. ಆದರೂ ಆ ಸಂಜೆ ಅವಳ ಮನೆಯ ಬಾಗಿಲಲ್ಲಿ ನಿಂತು, ಆ ಕೂಸು ತಾಯಿಯ ಎದೆಯಿಂದ ಮುಖ ತಿರುಗಿಸಿ ಅಜ್ಜಿಯ ಕಡೆ ಕೈ ಚಾಚಿದ್ದನ್ನು ಕಣ್ಣಾರೆ ನೋಡಿದೆ.

ಮರುದಿನ ಸಾಹುಕಾರರ ಮುಂದೆ ನಿಂತೆ. "ಕರಿಬಸಮ್ಮ ಮನೇಲೇ ಕೂತು ಮಾಡ್ಲಿ ಸಾವ್ಕಾರ್ರೆ. ಬೆಂಡು, ಕಾಗದ, ಮಣಿ ನಾನು ತಲುಪಿಸ್ತೀನಿ. ಆದ ಮಾಲು ಬೆಳಿಗ್ಗೆ ಬರ್ತಾ ನಾನೇ ತರ್ತೀನಿ. ಅವ್ಳು ದಿನದ ಅರ್ಧ ಆ ಏರಿ ಮೇಲೆ ಕಳೀತಾಳೆ. ಆ ಹೊತ್ತು ನಿಮಗೂ ಇಲ್ಲ, ಕೂಸಿಗೂ ಇಲ್ಲ."

ಸಾಹುಕಾರರು ನಕ್ಕರು. "ಮನೆ ಅಂದ್ರೆ ಏನು ತಿಪ್ಪಕ್ಕ? ಚಾಪೆ ಐತೆ, ದಿಂಬು ಐತೆ, ಪಕ್ಕದ ಮನೆಯೋರು ಅದಾರೆ. ಅಲ್ಲಿ ಯಾರಾದ್ರೂ ಕೆಲ್ಸ ಮಾಡ್ತಾರಾ?"

"ನಾಳೆ ಎಲ್ರೂ ಕೇಳ್ತಾರೆ ಭಾವ. ನೀವು ಇಲ್ಲಿ ಖಾಲಿ ಗೋಡೆಗೆ ಸಾವ್ಕಾರ್ರಾಗಿ ಕೂತ್ಕೋಬೇಕಾಗ್ತದೆ" ಎಂದ ಕೊಟ್ರೇಶಿ ಕುರ್ಚಿಯಿಂದಲೇ.

ಕೊಟ್ರೇಶಿಯ ಮಾತು ನನಗೂ ಒಳಗೊಳಗೇ ಚುಚ್ಚಿತು. ಎಲ್ಲರೂ ಮನೆಯಲ್ಲೇ ಕೂತರೆ ನಾನು ಯಾರ ಮೇಲೆ ಉಸ್ತುವಾರಿ ಮಾಡಲಿ? ಆದರೆ ಮದುವೆಯ ಕಾಲ ಹತ್ತಿರ ಬಂದಿತ್ತು. ಜೋಡಿ ನವಿಲೇ ಬೇಕೆಂದು ಊರೂರಿನಿಂದ ಜನ ಬರುತ್ತಿದ್ದರು. ಕರಿಬಸಮ್ಮ ಬಿಟ್ಟರೆ ಸಾಹುಕಾರರಿಗೆ ಗತಿಯಿರಲಿಲ್ಲ. "ಆಗ್ಲಿ, ಸ್ವಲ್ಪ ದಿನ ನೋಡಾಣ. ಆದ್ರೆ ಯಾವಾಗ ಬೇಕಾದ್ರೂ ನಮ್ಮೋರು ಬಂದು ನೋಡ್ತಾರೆ. ಕೆಲ್ಸ ಮಾಡ್ತಾ ಇರ್ಬೇಕು. ಇಲ್ಲಾಂದ್ರೆ ಮರುದಿನಾನೇ ಇಲ್ಲಿ ಬಂದು ಕೂತ್ಕೋಬೇಕು, ಇಲ್ಲ ಕೆಲ್ಸ ಬಿಟ್ಟು ಮನೇಲೇ ಇದ್ದುಬಿಡಬೇಕು" ಎಂದರು.

ಹೀಗೆ ಕರಿಬಸಮ್ಮ ಮನೆಯಲ್ಲಿ ಕೂತಳು. ನಾನು ಸಂಜೆ ಸಾಮಾನು ಕೊಟ್ಟು, ಬೆಳಿಗ್ಗೆ ಹೊರಡುವಾಗ ಅವಳ ಬಾಗಿಲಲ್ಲಿಟ್ಟ ಮಾಲನ್ನು ಹೂವಿನ ಬುಟ್ಟಿಗೆ ಹಾಕಿಕೊಂಡು ಹೋಗುತ್ತಿದ್ದೆ. ಬಾಸಿಂಗಗಳು ಮೊದಲಿಗಿಂತ ಹೆಚ್ಚೇ ಬಂದವು, ಚೆನ್ನಾಗಿಯೂ ಬಂದವು. ಅದೇ ಸಾಹುಕಾರರಿಗೆ ಅನುಮಾನಕ್ಕೆ ಕಾರಣವಾಯಿತು.

"ಮಾಲು ಬಂತು, ಸರಿ. ಕೆಲ್ಸ ಮಾಡಿದ್ದು ಯಾರು ಕಂಡೋರು?" ಎಂದು ಒಂದು ಬಾಸಿಂಗವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇಲ್ಲಿ ಕಣ್ಣೆದುರಿಗೆ ಕೂತಾಗ ಇಷ್ಟಾಗ್ತಿರ್ಲಿಲ್ಲ. ಅಲ್ಲಿ ಹೆಂಗಾಯ್ತು? ಯಾರೋ ಸೇರ್ಕೊಂಡದಾರೆ. ನಮ್ಮ ನವಿಲು ಇನ್ಯಾರೋ ಕಲ್ತು, ನಾಳೆ ಅವ್ರೇ ಅಂಗಡಿ ಇಡ್ತಾರೆ."

ಕೊಟ್ರೇಶಿಯನ್ನು ಕಳಿಸಿದರು. ಅವನು ಬೆಳಿಗ್ಗೆ ಉಂಡು, ಮೀಸೆ ತೀಡಿಕೊಂಡು, ಇವತ್ತು ಹಿಡಿದೇ ಬರ್ತೀನಿ ಎಂದು ಹೊರಟ. ಮರುದಿನ ಬೆಳಿಗ್ಗೆ ಕುಂಟುತ್ತಾ ಬಂದ. "ಹೋದೆ ಭಾವ. ಬೆಂಡೂ ಇಲ್ಲ, ಮಣೀನೂ ಇಲ್ಲ. ಆರಾಮಾಗಿ ಕೂಸಿನ ಪಕ್ಕ ಮಲಗಿದ್ಲು. ಎಬ್ಬಿಸಿ ಕೇಳಿದ್ರೆ ಇವತ್ತಿಂದು ಮುಗೀತು ಅಂದ್ಲು. ಮುಗೀತಂತೆ!" ಎಂದ. ಇನ್ನೊಂದು ದಿನ ಮತ್ತೆ ಹೋದ. ಆವತ್ತು ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳಂತೆ. "ಎರಡು ಸಲ ಹೋದೆ, ಒಂದು ಸಲಾನೂ ಕೈಯಾಗೆ ಕತ್ತರಿ ಕಾಣ್ಲಿಲ್ಲ" ಎಂದು ಕಾರ್ಖಾನೆಗೆಲ್ಲ ಕೇಳುವಂತೆ ಹೇಳಿದ. ಹೆಂಗಸರು ಗುಸುಗುಸು ಶುರು ಮಾಡಿದರು. ನಾವು ದಾರಿ ಸವೆಸಿ ಸಾಯ್ತೀವಿ, ಅವಳು ನೋಡು ಅಂದರು. ಕರಿಬಸಮ್ಮನ ಅತ್ತೆಯ ತಂಗಿಗೂ ಬೆಂಡಿನ ಕೆಲಸ ಬರುತ್ತದೆಂದು ಯಾರೋ ಹೇಳಿದರು. ಆ ಮಾತು ನನ್ನ ಕಿವಿಗೂ ಬಿದ್ದು ಅಲ್ಲೇ ಕೂತಿತು. ನನ್ನ ಮಾತಿನ ಮೇಲೆ ಸಾಹುಕಾರರು ಒಪ್ಪಿದ್ದರು. ಅವಳು ನನಗೆ ಟೋಪಿ ಹಾಕಿದ್ದರೆ?

"ನೀನು ಹೋಗು ತಿಪ್ಪಕ್ಕ" ಎಂದರು ಸಾಹುಕಾರರು. "ಇವನ ಮಾತು ನಂಬಬಾರ್ದು ಅಂತೀಯಲ್ಲ, ನಿನ್ನ ಕಣ್ಣಾದ್ರೂ ನಂಬು."

ಬೆಳಿಗ್ಗೆ ಕಾರ್ಖಾನೆಯ ಬಾಗಿಲು ನಾನೇ ತೆಗೆಸಬೇಕಾದ್ದರಿಂದ ಕೇರಿಯಲ್ಲೇ ಉಳಿಯುವಂತಿರಲಿಲ್ಲ. ಮಾರನೆಯ ದಿನ ಬಾಗಿಲು ತೆಗೆಸಿ, ಎಲ್ಲರಿಗೂ ಕೆಲಸ ಹಂಚಿ, ಬಿಸಿಲೇರುವ ಮುಂಚೆ ನಾನು ಪೇಟೆಯಿಂದ ಹೊರಟೆ. ಏರಿಯ ಮೇಲೆ ಯಾವಾಗಿನಂತೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ. ಅದು ಮುಗಿಯಿತು. ಇನ್ನೊಂದು ಹಾಕಿಕೊಂಡೆ. ಅದೂ ಮುಗಿಯಿತು. ಕೇರಿಯ ಬೇವಿನ ಮರ ಬೆರಳುದ್ದವಾಗಿಯೇ ನಿಂತಿತ್ತು. ಕೊಕ್ಕರೆ ನೋಡಿದೆ, ಕಮಲದೆಲೆ ನೋಡಿದೆ, ಹಾಡಿಕೊಂಡೆ. ಎಷ್ಟು ಹಾಡಿಕೊಂಡರೂ ತಲೆಯೊಳಗೆ ಅತ್ತೆಯ ತಂಗಿಯೇ ಕೂತಿದ್ದಳು. ಮಧ್ಯಾಹ್ನದ ಬಿಸಿಲು ನೆತ್ತಿ ಸುಟ್ಟಿತು, ಇಳಿಯಿತು. ಇಷ್ಟು ವರ್ಷ ನಡೆದ ದಾರಿಯಲ್ಲಿ ಮೊದಲ ಸಲ ನಾನು ಕಲ್ಲಿನ ಮೇಲೆ ಕೂತು ಕಾಲು ಒತ್ತಿಕೊಂಡೆ. ಕರಿಬಸಮ್ಮನ ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಬೆಂಡಿಲ್ಲ, ಕತ್ತರಿಯಿಲ್ಲ. ಬಾಗಿಲ ಪಕ್ಕ ಒಣಗಲು ಹಾಕಿದ ಬಾಸಿಂಗಗಳು ಮಾತ್ರ ಇದ್ದವು.

"ಈಗ ಬಂದ್ರಾ ಅಕ್ಕ? ಮುಖ ಎಲ್ಲ ಕಪ್ಪಾಗೈತೆ. ಎಲ್ಲಿಗೆ ಹೋಗಿದ್ರಿ ಬಿಸಿಲಾಗೆ?" ಎಂದಳು.

ನಿನ್ನನ್ನು ನೋಡುವುದಕ್ಕೇ ಎನ್ನುವ ಬದಲು "ಹಿಂಗೇ, ಸುಮ್ನೆ" ಎಂದೆ. ನೀರು ಕುಡಿದೆ. ಕುಡಿಯುತ್ತಿದ್ದಾಗಲೇ ನನಗೆ ತಿಳಿಯಿತು. ಕೆಲಸಕ್ಕೆ ಹೋಗುವ ಅವಸರ, ಮನೆಗೆ ಬರುವ ಅವಸರ, ಇವೆರಡನ್ನೇ ನಾವು ಇಷ್ಟು ದಿನ ಅವಸರ ಅಂದುಕೊಂಡಿದ್ದೆವು. ಹಿಡಿಯಬೇಕು ಎಂದು ಹೊರಡುವುದು ಅವೆರಡಕ್ಕಿಂತ ದೊಡ್ಡದು. ನೋಡಲೇಬೇಕೆಂದು ಹೊರಟವರು ಹೊತ್ತು ಮುಳುಗುವ ಮುಂಚೆ ಬರಲಾರರು. ಹೊತ್ತು ಮುಳುಗಿದ ಮೇಲೆ ಅವಳ ಕೆಲಸ ಮುಗಿದಿರುತ್ತದೆ.

ಮರುದಿನ ಇದನ್ನೇ ಸಾಹುಕಾರರಿಗೆ ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಚೆನ್ನಾಗೈತೆ ಕತೆ. ನೋಡಾಕೆ ಹೋದೋರಿಗೆ ಕಾಣಲ್ಲ, ನೋಡದೇ ಇದ್ರೆ ಮಾತ್ರ ಕೆಲ್ಸ ಆಗ್ತೈತೆ. ಕಳ್ಳತನಕ್ಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗ್ತದೆ? ನೀನೂ ಅವ್ಳ ಕಡೆ ಸೇರಿದ್ಯಾ ತಿಪ್ಪಕ್ಕ?"

ನನಗೆ ಸಿಟ್ಟು ಬಂತು. "ಸಾವ್ಕಾರ್ರೆ, ನೀವು ಎಲ್ಲಿ ಮಲಗ್ತೀರ? ಮೇಲೆ. ಎಲ್ಲಿ ಕೆಲ್ಸ ಮಾಡ್ತೀರ? ಕೆಳಗೆ. ಮನೇಲೇ ಕೂತು ಕೆಲ್ಸ ಮಾಡೋರು ಈ ಊರಾಗೆ ಯಾರಾದ್ರೂ ಇದ್ರೆ ಅದು ನೀವೇ. ನೀವು ಮಧ್ಯಾಹ್ನ ಮೇಲೆ ಹೋದಾಗ ಹಿಂದೆ ಯಾರಾದ್ರೂ ಬಂದು ನೋಡಿದೀವಾ?" ಎಂದೆ.

ಕಾರ್ಖಾನೆಯಲ್ಲಿ ಕತ್ತರಿಯ ಸದ್ದು ನಿಂತಿತು. ಕೊಟ್ರೇಶಿ ಕುರ್ಚಿ ಬಿಟ್ಟು ಎದ್ದ. ಸಾಹುಕಾರರ ಕಿವಿ ಕೆಂಪಾಯಿತು. ನನ್ನ ಕೆಲಸವೂ ಹೋಯಿತು ಅಂದುಕೊಂಡೆ. ಅವರು ಬಹಳ ಹೊತ್ತು ಮಣಿಯ ಬಟ್ಟಲಲ್ಲಿ ಬೆರಳಾಡಿಸಿದರು. "ನಾಳೆ ನಾನೇ ಬರ್ತೀನಿ. ಹೊತ್ತು ಮುಳುಗ್ಲಿ, ಅಡ್ಡಿಯಿಲ್ಲ. ಹಾಸಿಗೆ ತಗೊಂಡು ಬರ್ತೀನಿ. ಅಲ್ಲೇ ಜಗಲಿ ಮೇಲೆ ಮಲಗಿ, ಬೆಳಿಗ್ಗೆ ಎದ್ದು ನೋಡ್ತೀನಿ. ಆಗ ಯಾವ ಏರಿ ಅಡ್ಡ ಬರ್ತೈತೋ ನೋಡಾಣ" ಎಂದರು. ಆಮೇಲೆ ಗಟ್ಟಿಯಾಗಿ ಹೇಳಿದರು. "ಒಂದು ಜೋಡಿ ನನ್ನ ಕಣ್ಣೆದುರಿಗೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಅವ್ಳು ಅವತ್ತಿಂದ ಇಲ್ಲಿಗೆ ಬರ್ಬೇಕು, ನೀನೂ ಇನ್ನು ಉಸ್ತುವಾರಿ ಅಲ್ಲ."

ಬೆಳಿಗ್ಗೆ ಪೇಟೆಯಿಂದ ಹೊರಟೆವು. ಸುತ್ತಿದ ಹಾಸಿಗೆ ಸಾಹುಕಾರರ ಬಗಲಲ್ಲಿತ್ತು. ತೂಬು ದಾಟುವ ಮುಂಚೆಯೇ ನಾನು ಎಷ್ಟೋ ಮುಂದೆ ಹೋಗಿಬಿಟ್ಟಿದ್ದೆ. ನಿಂತು ಕಾದೆ. ಅವರು ಏದುಸಿರು ಬಿಡುತ್ತಾ ಬಂದು, "ನಿನಗೆ ಯಾವುದೋ ಒಳದಾರಿ ಗೊತ್ತೈತೆ" ಎಂದರು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಒಳದಾರಿ ಎಲ್ಲಿಂದ ಬರಬೇಕು? ಆದರೂ ಹೆಗಲ ಮೇಲಿನ ಟವೆಲ್ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟರು, ಇನ್ನೊಂದು ತುದಿ ತಾವು ಹಿಡಿದರು. ಅಲ್ಲಿಗೆ ನನ್ನ ದಾರಿಯೂ ಅವರ ದಾರಿಯಷ್ಟೇ ಆಯಿತು. ಎದುರಿಗೆ ಬಂದ ಖಜಾನೆ ಗುಮಾಸ್ತರನ್ನು ಅವರು "ಕೇರಿ ಇನ್ನೂ ಎಷ್ಟು ದೂರ ಐತೆ?" ಎಂದು ಕೇಳಿದರು. ಗುಮಾಸ್ತರು ಗಾಳ ಎತ್ತಿಕೊಂಡು, ಬೆಂಕಿ ಬಿದ್ದ ಮನೆಯಿಂದ ದೂರ ಸರಿಯುವವರಂತೆ ಸರಿದರು.

"ದಿನಾ ಇಷ್ಟು ನಡೀತೀರ?" ಎಂದರು ಸಾಹುಕಾರರು ಮಧ್ಯಾಹ್ನದ ಹೊತ್ತಿಗೆ.

"ಅವಸರ ಇದ್ದೋರು ನಡೀತಾರೆ."

"ಸಂಬಳಕ್ಕಾಗಿ ನಡೀತಾರೆ ಅನ್ನು."

"ಸಂಬಳಕ್ಕೆ ಬೆಳಿಗ್ಗೆ ನಡೀತಾರೆ ಸಾವ್ಕಾರ್ರೆ. ಸಂಜೆ ನಡೆಯೋದು ಮನೆಗೆ. ಅದೇ ಉದ್ದ."

ಅವರು ಒಂದು ಕಲ್ಲಿನ ಮೇಲೆ ಕೂತರು. ಚಪ್ಪಲಿ ಬಿಚ್ಚಿ ಹಾಸಿಗೆಯೊಳಗೆ ಸಿಕ್ಕಿಸಿಕೊಂಡರು. ಕರಿಬಸಮ್ಮನ ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ಅವಳು ಹೆದರಿ ಎದ್ದು ನಿಂತಳು. ಅತ್ತೆ ಸೆರಗು ಸರಿ ಮಾಡಿಕೊಂಡು ರೊಟ್ಟಿ ಬಡಿಸಿದಳು. ಸಾಹುಕಾರರು ಉಂಡರು, ಒಣಗಲು ಹಾಕಿದ ಬಾಸಿಂಗಗಳನ್ನು ಮುಟ್ಟಿ ಮುಟ್ಟಿ ನೋಡಿದರು, ಅತ್ತೆಗೆ ತಂಗಿಯಿದ್ದಾಳೋ ಎಂದು ಕೇಳಿದರು. "ಇದ್ಲು. ಹೋಗಿ ಮೂರು ವರ್ಷಾತು" ಎಂದಳು ಮುದುಕಿ. ಸಾಹುಕಾರರು ಜಗಲಿಯ ಮೇಲೆ ಹಾಸಿಗೆ ಬಿಚ್ಚಿದರು. ನಾನು ನನ್ನ ಮನೆಗೆ ಹೋದೆ.

ಬೆಳಗಾಗುತ್ತಲೇ ಬಂದೆ. ಸಾಹುಕಾರರು ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಿಸಿ ಕೂತಿದ್ದರು. ಎದುರಿಗೆ ಕರಿಬಸಮ್ಮ. ಅವಳ ಮುಂದೆ ಬೆಂಡು, ಜರಿ ಕಾಗದ, ಅಂಟಿನ ಬಟ್ಟಲು, ಮಣಿ. ಅವಳು ಕತ್ತರಿ ತೆಗೆದುಕೊಂಡಳು. ಬೆಂಡು ಸೀಳಿದಳು. ನವಿಲಿನ ಕತ್ತು ಬಾಗಿಸುವಾಗ ಬೆಂಡು ಲಟಕ್ಕೆಂದು ಮುರಿಯಿತು. ಅವಳ ಕೈಯಲ್ಲಿ ಬೆಂಡು ಮುರಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಾಹುಕಾರರು ಹುಬ್ಬೇರಿಸಿ ನನ್ನ ಕಡೆ ನೋಡಿದರು. ಅವಳು ಇನ್ನೊಂದು ಬೆಂಡು ಎತ್ತಿಕೊಂಡಳು. ಅದೂ ಮುರಿಯಿತು.

"ಕಾರ್ಖಾನೆಗೆ ಬಂದ ಮಾಲು ಈ ಕೈದೇನಾ?" ಎಂದರು ಸಾಹುಕಾರರು.

ಅವಳು ಚೂರುಗಳನ್ನು ಪಕ್ಕಕ್ಕೆ ಸರಿಸಿದಳು. ಮೂರನೆಯ ಬೆಂಡು ತೆಗೆದುಕೊಂಡು ಉಸಿರು ಬಿಗಿಹಿಡಿದು ಸೀಳತೊಡಗಿದಳು. ಆಗ ತೊಟ್ಟಿಲಲ್ಲಿ ಕೂಸು ಎದ್ದಿತು. ಮೊದಲು ಕುಂಯ್ ಅಂದಿತು, ಆಮೇಲೆ ಅಳತೊಡಗಿತು. ಅತ್ತೆ ತೊಟ್ಟಿಲು ತೂಗಿದಳು. ಅಳು ಏರಿತು. ಮುದುಕಿ ಕೂಸನ್ನು ಎತ್ತಿಕೊಂಡು ಸೊಸೆಯ ಹತ್ತಿರ ಬಂದು ನಿಂತಳು. ಕರಿಬಸಮ್ಮ ತಲೆ ಎತ್ತಲಿಲ್ಲ. ಕತ್ತರಿ ಬಿಡಲಿಲ್ಲ. ಕೂಸು ಅವಳ ಕಡೆಗೆ ಎರಡೂ ಕೈ ಚಾಚಿ, ಮುಖ ಕೆಂಪಗೆ ಮಾಡಿಕೊಂಡು ಅರಚುತ್ತಿತ್ತು. ಅವಳ ಕುಪ್ಪಸ ನೋಡನೋಡುತ್ತಿದ್ದಂತೆ ಒದ್ದೆಯಾಯಿತು, ಹನಿ ಜರಿ ಕಾಗದದ ಮೇಲೆ ಬಿತ್ತು. ಅವಳು ಅದನ್ನು ಸೆರಗಿನಲ್ಲಿ ಒತ್ತಿ ಒರೆಸಿ ಮತ್ತೆ ಬೆಂಡು ಬಾಗಿಸಿದಳು.

"ಕೂಸು ಅಳ್ತೈತಲ್ಲಮ್ಮ" ಎಂದರು ಸಾಹುಕಾರರು.

"ಅಳ್ಲಿ ಸಾವ್ಕಾರ್ರೆ. ನೀವು ನೋಡ್ತಾ ಅದೀರಲ್ಲ" ಎಂದಳು.

ನಾನು ಸಾಹುಕಾರರ ಮುಖ ನೋಡಿದೆ. ಅವರು ಗೋಡೆ ನೋಡಿದರು, ಸೂರು ನೋಡಿದರು, ತಮ್ಮ ಬೊಬ್ಬೆ ಎದ್ದ ಪಾದ ನೋಡಿಕೊಂಡರು. ಕೂಸಿನ ಅಳು ಈಗ ಬಿಕ್ಕಳಿಕೆಯ ಜೊತೆ ಬರುತ್ತಿತ್ತು. ಅವರ ಕಣ್ಣು ಮತ್ತೆ ಮುರಿದು ಬಿದ್ದ ಬೆಂಡಿನ ಚೂರುಗಳ ಮೇಲೆ ಹೋಯಿತು. ಎದ್ದು ಬೈಯುತ್ತಾರೆ, ಆಯಿತು, ನಾಳೆಯಿಂದ ಇವಳು ಮತ್ತೆ ಏರಿಯ ಮೇಲೆ ಅಂದುಕೊಂಡೆ. ಅವರು ಎದ್ದರು. ನನ್ನನ್ನು ದಾಟಿಕೊಂಡು, ಗೋಡೆ ಹಿಡಿದು ಕುಂಟುತ್ತಾ ಹೊರಗೆ ಹೋದರು. ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ, ಬೀದಿಗೆ ಮುಖ ಮಾಡಿ ಕೂತರು.

"ನಾನು ನೋಡ್ತಿಲ್ಲ ಕಣಮ್ಮ" ಎಂದರು ಗಟ್ಟಿಯಾಗಿ, ಬೀದಿಗೆ ಹೇಳುವವರಂತೆ.

ಒಳಗೆ ಕತ್ತರಿ ನೆಲದ ಮೇಲೆ ಇಟ್ಟ ಸದ್ದಾಯಿತು. ಅಳು ಒಂದೆರಡು ಸಲ ತಡೆದು ತಡೆದು ಬಂದು ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಬೀದಿಯಲ್ಲಿ ಜನ ಸುಮ್ಮನೆ ಹೋಗುವವರಂತೆ ಪೇಟೆಯ ಕಡೆಗೆ ಹೊರಟಿದ್ದರು. ಪಂಪಣ್ಣ ಸಾಹುಕಾರರನ್ನು ಜಗಲಿಯ ಮೇಲೆ ಕಂಡು ಹೆಜ್ಜೆ ತಪ್ಪಿಸಿದರು, ಆದರೆ ಯಾರೂ ಏನೂ ಕೇಳಲಿಲ್ಲ. ಸಾಹುಕಾರರ ಕತ್ತಿನ ಹಿಂಭಾಗ ಬಿಗಿದುಕೊಂಡಿತ್ತು. ತಿರುಗಬೇಕೆಂದು ಅದು ಎಷ್ಟು ಹಟ ಮಾಡುತ್ತಿತ್ತೆಂದು ನನಗೆ ಕಾಣುತ್ತಿತ್ತು.

ಬಹಳ ಹೊತ್ತಾದ ಮೇಲೆ ಕೇಳಿದರು. "ತಿಪ್ಪಕ್ಕ, ಏನು ಮಾಡ್ತಾ ಅದಾಳೆ?"

ನಾನು ಒಳಗೆ ನೋಡಿದೆ. ಕರಿಬಸಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಸೆರಗಿನ ಕೆಳಗೆ ಕೂಸಿನ ಕಾಲು ಮೆಲ್ಲಗೆ ಆಡುತ್ತಿತ್ತು. ಅದರ ಒಂದು ಕೈ ಅವಳ ತಾಳಿ ಹಿಡಿದುಕೊಂಡಿತ್ತು.

"ಕೆಲ್ಸ ಮಾಡ್ತಾ ಅದಾಳೆ ಸಾವ್ಕಾರ್ರೆ" ಎಂದೆ.

ಅವರ ಕತ್ತು ಅರ್ಧ ತಿರುಗಿತು. ಅಲ್ಲೇ ನಿಂತಿತು.

"ಮಾಡ್ಲಿ ಬಿಡು" ಎಂದು ಅವರು ಮತ್ತೆ ಬೀದಿಯ ಕಡೆಗೆ ನೋಡಿದರು. "ಇನ್ಮೇಲೆ ಇಲ್ಲೇ ಮಾಡ್ಲಿ."